ಹುಳುಮನೆಯಲ್ಲಿ ಓದಿದ ನೀತಿಕತೆ

ಮಗಳು ರೂಪ ಓದುವಾಗ ತುಟಿಯೂ ಅಲ್ಲಾಡುವುದಿಲ್ಲ. ನಾವು ಓದುತ್ತಿದ್ದುದು ಹಾಗಲ್ಲ. ಸಾರಿನ ಬೇಳೆ ಬೇಯುವಷ್ಟರಲ್ಲಿ ಅದನ್ನಿಷ್ಟು ಬರೆದುಬಿಡುತ್ತೇನೆ.

ಮುಳ್ಳೂರಿನ ಶಾಲೆಯಲ್ಲಿ ಚನ್ನಮಲ್ಲಮ್ಮ ಮೇಡಂ ಶನಿವಾರ ಹುಡುಗಿಯರಿಗೆ ಒಂದೊಂದು ಪುಸ್ತಕ ಕೊಡುತ್ತಿದ್ದರು. ಸೋಮವಾರ ಎಲ್ಲರ ಮುಂದೆ ಪೂರ್ತಿ ಕತೆ ಹೇಳಿದವಳಿಗೆ ಮಾತ್ರ ಇನ್ನೊಂದು. ಆನೆಯ ಚಿತ್ರವಿದ್ದ ಹಸಿರು ರಟ್ಟಿನ ಪುಸ್ತಕದ ಮೇಲೆ ನನಗೆ ಆಸೆ. ಅದು ಸಿಗಬೇಕಾದರೆ ವಿನುತೆ ಎಂಬ ಹುಡುಗಿಯ ನೀತಿಕತೆಯನ್ನು ಮೊದಲು ಒಪ್ಪಿಸಬೇಕಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದವು. ಮೈ ಹಳದಿಗೆ ತಿರುಗಿದ ಹುಳುಗಳನ್ನು ಬೇಗ ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ತಟ್ಟೆಯಲ್ಲೇ ಕಟ್ಟಿಬಿಡುತ್ತವೆ. ಮನೆಮಂದಿಯೆಲ್ಲ ಕೂರಲೇಬೇಕು.

"ಪುಸ್ತಕ ಮಡಗು, ಕೈ ಆಡ್ಸು" ಎಂದಳು ಅವ್ವ.

ನನ್ನ ಕಣ್ಣು ತುಂಬಿತು. ಅಜ್ಜಿ ದೊಡ್ಡಮಾದಮ್ಮ ನನ್ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. "ಅಳ್ಬ್ಯಾಡ ಕೂಸೇ. ಇವಳ ಪಾಲು ನಾ ಆರುಸ್ತೀನಿ. ಇವ್ಳು ಕೂಗಿ ಓದ್ಲಿ, ನಮ್ಗೂ ಒತ್ತು ಓಯ್ತದೆ."

ಓದಿದೆ. ಗೆಳತಿ ಒಡೆದ ಗಡಿಗೆಯ ತಪ್ಪು ವಿನುತೆಯ ತಲೆಗೆ ಬರುತ್ತದೆ. ಅವಳು ತುಟಿ ಬಿಚ್ಚದೆ ಬೈಸಿಕೊಳ್ಳುತ್ತಾಳೆ.

"ಅಯ್ಯೋ, ಬಾಯಿಲ್ವಾ ಅವುಳ್ಗೆ?" ಅಜ್ಜಿಯ ಕೈ ನಿಂತೇಹೋಯಿತು.

"ಒಡೆದೋಳ ಜುಟ್ಟು ಇಡ್ಕೊಂಡು ಕೇಳ್ಬೇಕಿತ್ತು" ಎಂದಳು ಹುಳು ಆರಿಸಲು ಬಂದಿದ್ದ ಪಕ್ಕದ ಮನೆಯ ರಾಚಮ್ಮ.

"ನೀನಾಗಿದ್ರೆ ಗಡಿಗೆನೂ ಒಡೀತಿದ್ದೆ, ಜುಟ್ಟೂ ಇಡೀತಿದ್ದೆ!" ಅವ್ವ ನಕ್ಕಳು. ಆಮೇಲೆ ಅವಳೇ, "ನಿಲ್ಲುಸ್ಬ್ಯಾಡ, ಮುಂದಕ್ಕೋದು" ಎಂದಳು.

ಹಾಳೆಗೊಂದು ಜಗಳ. ವಿನುತೆ ಏನು ಹೇಳಬೇಕಿತ್ತೆಂದು ಅವರೇ ಹೇಳಿಕೊಟ್ಟರು. ಚಂದ್ರಿಕೆಗಳು ತುಂಬಿದವು, ಕತೆಯೂ ಮುಗಿಯಿತು.

ಸೋಮವಾರ ಎದ್ದು ನಿಂತು ಗಡಗಡನೆ ಹೇಳಿದೆ. ವಿನುತೆ ಸೊಂಟಕ್ಕೆ ಕೈಯಿಟ್ಟು, "ಒಡೆದೋಳು ಇವ್ಳು, ನಾನ್ಯಾಕೆ ಬೈಸ್ಕಳ್ಲಿ?" ಅಂದಳು ಎಂದಾಗ ಕ್ಲಾಸೆಲ್ಲ ನಕ್ಕಿತು. ಮೇಡಂ ಪುಸ್ತಕ ತಿರುವಿ ನೋಡಿದರು.

"ಇದು ಎಲ್ಲಿದೆ?"

ಎಲ್ಲವನ್ನೂ ಒಟ್ಟಿಗೇ ಕೇಳಿಸಿಕೊಂಡಿದ್ದ ನನಗೆ ಪುಸ್ತಕದ್ದು ಯಾವುದು, ಹುಳುಮನೆಯದು ಯಾವುದು ಎಂದೇ ತಿಳಿದಿರಲಿಲ್ಲ. ಹಸಿರು ರಟ್ಟು ಕೈತಪ್ಪಿತು ಎಂದುಕೊಂಡೆ.

"ನಮ್ಮಜ್ಜಿ ಏಳಿದ್ದಿರಬೇಕು, ಮೇಡಂ."

"ಪುಸ್ತಕದಲ್ಲಿ ಅವಳು ಸುಮ್ಮನಿರ್ತಾಳೆ. ನಿಮ್ಮಜ್ಜಿ ಯಾಕೆ ಮಾತಾಡಿಸಿದ್ರು?"

"ಸುಮ್ನಿದ್ರೆ ಒಡೆದೋಳು ನಾಳೆ ಇನ್ನೊಂದ್ ಒಡೀತಾಳಂತೆ."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಚೀಲದಿಂದ ಆನೆಯ ಪುಸ್ತಕ ತೆಗೆದು ನನ್ನ ಕೈಗಿಟ್ಟರು.

"ಇದನ್ನೂ ಅವರಿಗೆ ಓದಿ ಹೇಳು. ಏನಂತಾರೋ ನಂಗೆ ಬಂದು ಹೇಳ್ಬೇಕು."