ಮರುಳಪ್ಪನವರ ರಕ್ತದ ಕೊಬ್ಬು

ಗಂಡ ಹೃದಯಾಘಾತದಿಂದ ಬದುಕಿ ಬಂದ ದಿನವೇ ಸಿದ್ದಗಂಗಮ್ಮ ಅಡುಗೆಮನೆಯಿಂದ ತೆಂಗಿನಕಾಯಿಯನ್ನು ಗಡಿಪಾರು ಮಾಡಿದಳು. ಮಾಯಸಂದ್ರದ ಕಡೆ ಇದು ಸಣ್ಣ ಮಾತಲ್ಲ. ಮನೆಯ ಸುತ್ತ ತೆಂಗು, ಅಟ್ಟದ ತುಂಬ ಕಾಯಿ, ಸಾರಿಗೆ ಮಾತ್ರ ಒಂದು ಚೂರೂ ಇಲ್ಲ! ಮರುಳಪ್ಪನವರೂ ಪಾಪ, ಬಡಿಸಿದ್ದನ್ನು ತುಟಿಪಿಟಕ್ಕೆನ್ನದೆ ಉಂಡು ಮಾತ್ರೆ ನುಂಗುತ್ತಿದ್ದರು.

ಆದರೂ ಮೂರು ತಿಂಗಳ ಮೇಲೆ ತಿಪಟೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಕೆಟ್ಟ ಕೊಲೆಸ್ಟ್ರಾಲ್ ಏರಿ ಕೂತಿತ್ತು. ಡಾಕ್ಟರು ತಲೆಯೆತ್ತಿ ನೋಡಿದ್ದು ಅವಳನ್ನೇ.

"ಮನೇಲಿ ಏನಮ್ಮ ಅಡುಗೆ ಮಾಡ್ತೀರಿ? ಹಿಂಗೇ ಆದ್ರೆ ಇನ್ನೊಂದು ಅಟ್ಯಾಕ್ ಆಗುತ್ತೆ."

ಅವಳಿಗೆ ಸಿಟ್ಟು ಬಂತು; ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬಸ್ಸಿನಲ್ಲಿ ಬರುವಾಗಲೂ ಒಂದೇ ಯೋಚನೆ. ತಟ್ಟೆಯಲ್ಲಿ ಇಲ್ಲದ ಕೊಬ್ಬು ರಕ್ತಕ್ಕೆ ಹೋಗಿದ್ದು ಹೇಗೆ? ಗಾಳಿಯಲ್ಲೇನಾದರೂ ಬರುತ್ತದೆಯೇ? ಮಾರನೆಯ ಬೆಳಿಗ್ಗೆ ಗಂಡ ಚಪ್ಪಲಿ ಮೆಟ್ಟಿ ಹೊರಟಾಗ, ಇವಳೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೊರಟಳು.

ಅವರು ಹೋಗಿದ್ದು ಊರಿನ ಹುಚ್ಚಣ್ಣನ ತೋಟಕ್ಕೆ. ಅಲ್ಲಿ ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ ಕೊಬ್ಬರಿ ತೆಗೆಯುತ್ತಿದ್ದರು. ಆ ಸುತ್ತಿನಲ್ಲಿ ಯಾರು ಕೊಬ್ಬರಿ ತೆಗೆದರೂ ಮರುಳಪ್ಪನವರು ಬಂದು ಬಾಯಿಗೆ ಹಾಕಿ ಒಪ್ಪಬೇಕು. ಒಣಗಿದೆಯೋ ಇಲ್ಲವೋ, ಕಮಟು ಬಂದಿದೆಯೋ ಇಲ್ಲವೋ, ಎಲ್ಲ ಅವರ ಬಾಯಲ್ಲೇ ಇತ್ಯರ್ಥ. ಅವರು ರಾಶಿಯಿಂದ ರಾಶಿಗೆ ಹೋಗಿ, ಒಂದೊಂದು ಚೂರು ಅಗಿದು ನುಂಗುತ್ತಿದ್ದರು.

"ಅಯ್ಯೋ, ತಿಂತಿದೀರಲ್ರೀ!" ಎಂದು ಸಿದ್ದಗಂಗಮ್ಮ ಕೂಗಿದಳು.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ತಿನ್ನಾದೆಲ್ಲಿ ಬಂತು? ನೋಡ್ತಾ ಇವ್ನಿ ಕಣೇ."

ಅದು ಸುಳ್ಳಲ್ಲ. ತಿನ್ನುವುದೆಂದರೆ ತಟ್ಟೆಯ ಮುಂದೆ ಕೂರುವುದು. ಕೊಬ್ಬರಿ ರುಚಿ ನೋಡುವುದನ್ನು ಆ ಸೀಮೆಯಲ್ಲಿ ಯಾರು ತಾನೇ ತಿನ್ನುವ ಲೆಕ್ಕಕ್ಕೆ ಸೇರಿಸಿದ್ದಾರೆ?

"ದಿನಾ ಎಷ್ಟ್ ಕಡೆ ನೋಡ್ತೀರಿ?"

ಮರುಳಪ್ಪನವರು ಬೆರಳು ಮಡಚತೊಡಗಿದರು. ಒಂದು ಕೈಯ ಬೆರಳು ಮುಗಿದು ಇನ್ನೊಂದಕ್ಕೆ ಹೋಗುವಾಗ ಮುಖ ಇಳಿಯಿತು. "ಮರ ಹತ್ತಂಗಿಲ್ಲ, ಮೂಟೆ ಎತ್ತಂಗಿಲ್ಲ. ಇದ್ನೂ ಬುಟ್ರೆ ನನ್ನ ಯಾರೇ ಕರೀತಾರೆ?" ಎಂದರು. ಕಣ್ಣು ತುಂಬಿತ್ತು.

ಅವಳ ಸಿಟ್ಟು ಕರಗಿತು. ಆದರೆ ತಲೆಯೊಳಗಿನ ಹುಳ ಸುಮ್ಮನಿರಲಿಲ್ಲ.

"ಒಂದ್ ಮಾತು ಕೇಳ್ತೀನಿ. ಕಮಟು ಗೊತ್ತಾಗಾದು ನಾಲ್ಗೇಗೋ ಹೊಟ್ಟೇಗೋ?"

"ನಾಲ್ಗೇಗೆ."

"ಮತ್ತೆ ನುಂಗಾದ್ಯಾಕೆ?"

ಇಷ್ಟು ವರ್ಷದಲ್ಲಿ ಮರುಳಪ್ಪನವರನ್ನು ಯಾರೂ ಇದನ್ನು ಕೇಳಿರಲಿಲ್ಲ. ಕೊನೆಯ ಚೂರು ಇನ್ನೂ ದವಡೆಯಲ್ಲೇ ಇತ್ತು. ಸಿದ್ದಗಂಗಮ್ಮ ಎಲ್ಲರೆದುರೇ ಅವರ ಗದ್ದದ ಕೆಳಗೆ ಬೊಗಸೆಯೊಡ್ಡಿದಳು.

"ಉಗೀರಿ."

ಅವರು ಹುಚ್ಚಣ್ಣನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ಅವಳ ಬೊಗಸೆಗೆ ಉಗಿದರು.

"ಹೆಂಗೈತೆ ಹೇಳಿ ಈಗ."

ಮರುಳಪ್ಪನವರು ಬಾಯಿ ಚಪ್ಪರಿಸಿ, "ಕಮಟಿಲ್ಲ ಕಣ್ಲಾ ಹುಚ್ಚಣ್ಣ, ತಿಪಟೂರು ಮಂಡಿಗೆ ಹಾಕು" ಎಂದರು.