ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ

ಕನ್ನಡಕದಂಗಡಿಯವನು ವೀಸಾ ಕಚೇರಿಯ ಮೆಟ್ಟಿಲು ಹತ್ತಿದ್ದು ಅದು ನಾಲ್ಕನೇ ಸಲ. ಮೊದಲ ಮೂರು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಒಮ್ಮೆ ಅಪಾಯಿಂಟ್‌ಮೆಂಟ್ ಇಲ್ಲವೆಂದು. ಒಮ್ಮೆ ಬಿಸಿಲಿಗೆ ಕಾದ ಅವನ ಹಣೆಯನ್ನು ಬಾಗಿಲಲ್ಲಿ ಮೈಬಿಸಿ ನೋಡುವ ಯಂತ್ರ ಜ್ವರವೆಂದು ತೋರಿಸಿತೆಂದು. ಇನ್ನೊಮ್ಮೆ ಒಳಗಿನವರಿಗೇ ಸೋಂಕು ತಗಲಿ ಕಚೇರಿಯೇ ಮುಚ್ಚಿದೆಯೆಂದು. ಈ ಸಲ ಹಣೆ ತಣ್ಣಗಿತ್ತು. ಕೈಗೆ ನಾಲ್ಕು ಹನಿ ದ್ರಾವಣ ಹಾಕಿ ಒಳಗೆ ಬಿಟ್ಟರು.

ಕೌಂಟರಿನ ಪ್ಲಾಸ್ಟಿಕ್ ಹಾಳೆಯ ಆಚೆ ಕೂತಿದ್ದ ಹೆಂಗಸಿನ ಕನ್ನಡಕಕ್ಕೆ ಮಾಸ್ಕಿನ ಉಸಿರೆಲ್ಲ ಹೊಡೆದು ಮಂಜು ಕಟ್ಟಿತ್ತು. ಅವಳು ಅದನ್ನು ತೆಗೆದು ಒರೆಸಿದಳು, ಮತ್ತೆ ಹಾಕಿದಳು, ಮತ್ತೆ ಒರೆಸಿದಳು.

"ಮಾಸ್ಕ್ ಮೇಲೆಳೆದು ಅದರ ಮೇಲೆ ಕನ್ನಡಕ ಕೂರಿಸಿ, ಮೇಡಂ. ಮಂಜು ಬರಲ್ಲ," ಅಂದ. ಬಾಯಿಗೆ ಬಂದ ಮೊದಲ ಮಾತೇ ಅದು. ಮೂವತ್ತು ವರ್ಷದ ಕಸುಬು ಸುಮ್ಮನಿರಬೇಕಲ್ಲ.

ಅವಳು ಹಾಗೇ ಮಾಡಿದಳು. ಕಾಣಿಸಿತು. ಸ್ವಲ್ಪ ಮೆತ್ತಗಾಗಿಯೇ ಕೇಳಿದಳು: "ಅಲ್ಲಿರೋರು ನಿಮಗೆ ಏನಾಗಬೇಕು?"

"ಮಗಳು. ಅಂದ್ರೆ, ಅಣ್ಣನ ಮಗಳು. ನಾನು ಚಿಕ್ಕಪ್ಪ."

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ಸರ್, ಪ್ರವಾಸಿಗಳಿಗೆ ಆ ದೇಶ ಬಂದ್ ಆಗಿದೆ. ಬಿಡೋದು ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ. ಅಷ್ಟೇ. ಚಿಕ್ಕಪ್ಪ ಪಟ್ಟಿಲಿಲ್ಲ."

ಅವನು ಚೀಲದಿಂದ ಒಂದೊಂದಾಗಿ ಕಾಗದ ತೆಗೆದು ಕೌಂಟರಿನ ಮೇಲೆ ಹರಡಿದ. ಶಾಲೆಯ ಅಂಕಪಟ್ಟಿಗಳು, ಲಸಿಕೆಯ ಚೀಟಿ, ಹಲ್ಲಿನ ಡಾಕ್ಟರರ ರಸೀದಿ. ಎಲ್ಲದರಲ್ಲೂ 'ಪೋಷಕರು' ಅನ್ನುವ ಕಡೆ ಅವನದೇ ಸಹಿ. ಹುಡುಗಿಗೆ ನಾಲ್ಕು ವರ್ಷವಿದ್ದಾಗಿನಿಂದ ಮೊದಲುಗೊಂಡು ಕಾಲೇಜು ಮುಗಿಯುವವರೆಗೆ, ಸಹಿ ಬರಬರುತ್ತಾ ಗೀಚಾಗಿತ್ತೇ ಹೊರತು ಕೈ ಬದಲಾಗಿರಲಿಲ್ಲ.

"ದತ್ತು ತಗೊಂಡಿದ್ರಾ? ಕೋರ್ಟಿನ ಆದೇಶ ಏನಾದ್ರೂ?"

"ಮನೆ ಮಗೂನ ಸಾಕೋಕೆ ಕೋರ್ಟ್ ಯಾಕೆ ಮೇಡಂ?"

ಹೆಂಗಸು ತಲೆ ತಗ್ಗಿಸಿದಳು. ಹಿಂದಿದ್ದವನು ಕೆಮ್ಮಿದ, ಸಾಲಿನವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಕಾಗದಗಳನ್ನು ಜೋಡಿಸಿ ಕೊಡುತ್ತಾ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಅವರ ತಂದೆ ಇದ್ದಾರಾ? ಇದ್ರೆ ಅವರನ್ನ ಕಳಿಸಿ. ಎರಡು ವಾರದಲ್ಲಿ ಆಗುತ್ತೆ."

ತಂದೆ ಇದ್ದ. ಅದೇ ತೊಡಕು.

ಅಣ್ಣನ ಹೆಂಡತಿ ತೀರಿಕೊಂಡಾಗ ಮಗು ಎಳೆಯದು. ಅಣ್ಣ ಮೂರು ತಿಂಗಳು ಗೋಡೆ ನೋಡಿಕೊಂಡು ಕೂತಿದ್ದ. ಒಂದು ಬೆಳಿಗ್ಗೆ "ಸ್ವಲ್ಪ ದಿನ ನೋಡ್ಕೋ" ಎಂದು ಹುಡುಗಿಯ ಕೈಯನ್ನು ತಮ್ಮನ ಕೈಯಲ್ಲಿಟ್ಟು ಇನ್ನೊಂದು ಊರಿಗೆ ಹೊರಟ. ಸ್ವಲ್ಪ ದಿನ ಇಪ್ಪತ್ತೇಳು ವರ್ಷವಾಯಿತು. ಮೊದಮೊದಲು ಆಟಿಕೆ ಹಿಡಿದು ಬರುತ್ತಿದ್ದ. ಆಮೇಲೆ ಆಟಿಕೆಯ ವಯಸ್ಸೂ ಮುಗಿಯಿತು, ಬರುವುದೂ ನಿಂತಿತು. ಮಗಳ ಮದುವೆಗೆ ಬರಲಿಲ್ಲ. ಅಂದಿನಿಂದ ತಮ್ಮ ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದ. ಚಿಕ್ಕಪ್ಪ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ "ಟೈಮೇ ಸಿಗಲಿಲ್ಲ" ಅನ್ನುತ್ತಿದ್ದ. ಸುಳ್ಳಲ್ಲ.

ಹುಡುಗಿಗೆ ಮಿಣುಕಿ ಎಂದು ಹೆಸರಿಟ್ಟವನೂ ಅವನೇ. ದೂರದ್ದು ಕಾಣದೆ ಸದಾ ಕಣ್ಣು ಮಿಟುಕಿಸುತ್ತಿದ್ದಳು. ಐದನೇ ವಯಸ್ಸಿಗೆ ಅವನೇ ಗಾಜು ಉಜ್ಜಿ ಕನ್ನಡಕ ಮಾಡಿಕೊಟ್ಟ. ಮಿಟುಕಿಸುವುದು ನಿಂತಿತು, ಹೆಸರು ಉಳಿದುಬಿಟ್ಟಿತು. ಅವಳೀಗ ದೂರದ ದೇಶದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಗಂಡನದು ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ. ಏಳು ತಿಂಗಳಿಂದ ಯಾವ ಬಂದರಿನಲ್ಲೂ ಅವನನ್ನು ನೆಲಕ್ಕಿಳಿಯಲು ಬಿಟ್ಟಿರಲಿಲ್ಲ. ಅವಳ ಮಗು ಎಂಟು ತಿಂಗಳಿಗೇ ಹುಟ್ಟಿ, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಗ ಮನೆಗೆ ಬಂದಿತ್ತು. ಹೊಟ್ಟೆಯ ಹೊಲಿಗೆ ಇನ್ನೂ ಪೂರ್ತಿ ಮಾಯದ ಮಿಣುಕಿ ನಾಲ್ಕನೇ ಮಹಡಿಯಲ್ಲಿ ಒಬ್ಬಳೇ.

ಆ ಮಧ್ಯಾಹ್ನ ಖಾಲಿ ಅಂಗಡಿಯಲ್ಲಿ ಕೂತು ಅವಳಿಗೆ ವಿಡಿಯೋ ಕರೆ ಮಾಡಿದ. ಫೋನಿನಲ್ಲಿ ಮೊದಲು ಚಾವಣಿ ಕಂಡಿತು, ಆಮೇಲೆ ಅವಳ ಗಲ್ಲ. ಮಗು ಅಳುತ್ತಲೇ ಇತ್ತು.

"ಏನಂದ್ರು ಚಿಕ್ಕಪ್ಪ?"

"ಚಿಕ್ಕಪ್ಪಂಗೆ ಆಗಲ್ವಂತೆ." ಮೇಜಿನ ಮೇಲಿದ್ದ ಕಾಗದಗಳನ್ನು ಚೀಲಕ್ಕೆ ಸೇರಿಸಿದ. "ಅಪ್ಪ ಆದ್ರೆ ಬಿಡ್ತಾರಂತೆ."

ಅವಳು ಮಗುವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡಳು. ತಪ್ಪು ಮಾತಾಡಿದೆನೇನೋ ಎಂದುಕೊಂಡ ಅವನು.

"ಯಾರಾದ್ರೂ ಸರಿ," ಅಂದಳು ಕಡೆಗೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಎರಡು ಗಂಟೆ ಮಗು ಎತ್ಕೊಳ್ಳೋಕೆ ಬರೋರು ಯಾರಾದ್ರೂ ಸರಿ ಚಿಕ್ಕಪ್ಪ. ನಂಗೆ ನಿದ್ದೆ ಬೇಕು."

ಮಾರನೆಯ ದಿನವೇ ಅವನು ಅಣ್ಣನ ಊರಿಗೆ ಬಸ್ಸು ಹತ್ತಿದ. ಎರಡು ಸೀಟಿಗೊಬ್ಬರಂತೆ ಕೂರಿಸಿದ್ದರು. ಪಕ್ಕದ ಸೀಟಿಗೆ ಅಂಟಿಸಿದ್ದ ಗುಣಿಸು ಗುರುತನ್ನೇ ನೋಡಿಕೊಂಡು ಐದು ಗಂಟೆ ಪ್ರಯಾಣ ಮಾಡಿದ.

ಅಣ್ಣ ನಗರದ ಈಜುಕೊಳದ ಮೇಲ್ವಿಚಾರಕ. ಕೊಳವನ್ನು ಮುಚ್ಚಿ ತಿಂಗಳುಗಳಾಗಿದ್ದವು. ನೀರಿಲ್ಲದ ದೊಡ್ಡ ನೀಲಿ ಗುಂಡಿಯೊಳಗೆ ಅವನು ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದ. ಯಾರೂ ಈಜಲು ಬಾರದಿದ್ದರೂ ದಿನಾ ಗುಡಿಸುತ್ತಿದ್ದನಂತೆ. ಮೇಲೆ ನಿಂತ ತಮ್ಮನನ್ನು ಮಾಸ್ಕಿನಲ್ಲಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ನೀನಾ?" ಎಂದ. ಆ ಖಾಲಿ ಗುಂಡಿಯಲ್ಲಿ ಮಾತು ಎರಡೆರಡು ಸಲ ಕೇಳಿತು. "ಯಾರಿಗೇನಾಯ್ತೋ?"

ಇಪ್ಪತ್ತೇಳು ವರ್ಷದ ಸಿಟ್ಟನ್ನು ತಮ್ಮ ಬಸ್ಸಿನಲ್ಲೇ ಹತ್ತಾರು ಸಲ ಒಪ್ಪವಾಗಿ ಜೋಡಿಸಿಕೊಂಡಿದ್ದ. ಅಣ್ಣನ ನೆರೆತ ತಲೆ, ಕೊಳದ ತಳದಲ್ಲಿ ಅಷ್ಟು ಕೆಳಗೆ, ಕಂಡದ್ದೇ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಮಿಣುಕಿಗೆ ಗಂಡುಮಗು ಆಗಿದೆ. ಅವಳೊಬ್ಬಳೇ ಇದಾಳೆ. ನನ್ನ ಬಿಡ್ತಿಲ್ಲ ಅಣ್ಣ. ನಿನ್ನ ಬಿಡ್ತಾರೆ."

ಅಣ್ಣ ಪೊರಕೆಗೆ ಗಲ್ಲ ಊರಿ ನಿಂತ. "ನನ್ನ ಮುಖ ನೋಡ್ತಾಳೇನೋ ಅವಳು?"

"ನಿನ್ನ ಮುಖ ಯಾರಿಗೆ ಬೇಕು? ಕೈ ಬೇಕು. ಮಗು ಎತ್ಕೊಳ್ಳೋಕೆ."

ಅಣ್ಣ ನಕ್ಕನೋ ಅತ್ತನೋ ಮಾಸ್ಕಿನಲ್ಲಿ ತಿಳಿಯಲಿಲ್ಲ. ಏಣಿ ಹಿಡಿದು ಮೇಲೆ ಬಂದ.

ಅಣ್ಣನ ಹತ್ತಿರ ಯಾವುದೋ ಕಾಲದಲ್ಲಿ ಕೆಲಸ ಹುಡುಕಲೆಂದು ಮಾಡಿಸಿ, ಮತ್ತೆ ನವೀಕರಿಸಿಟ್ಟ, ಒಂದೂ ಮುದ್ರೆ ಬೀಳದ ಪಾಸ್‌ಪೋರ್ಟ್ ಇತ್ತು. ಹುಡುಗಿಯ ಜನನ ಪತ್ರ ತಮ್ಮನ ಬೀರುವಿನಲ್ಲಿತ್ತು. ಅರ್ಜಿಯನ್ನು ತಮ್ಮನೇ ತುಂಬಿದ. 'ಸಂಬಂಧ' ಎಂಬಲ್ಲಿ 'ತಂದೆ' ಎಂದು ಬರೆದ. ಬರೆದಾದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಹನ್ನೊಂದು ದಿನಕ್ಕೆ ಅನುಮತಿ ಬಂತು. ಎಪ್ಪತ್ತೆರಡು ಗಂಟೆಯೊಳಗಿನ ಟೆಸ್ಟು, ಇಳಿದ ಮೇಲೆ ಹದಿನಾಲ್ಕು ದಿನ ಹೋಟೆಲ್ ಕೋಣೆಯ ವಾಸ, ಎಲ್ಲಕ್ಕೂ ಅಣ್ಣ ತಲೆಯಾಡಿಸಿದ.

ಹೊರಡುವ ಮುಂಚೆ ಎರಡು ದಿನ ಅಣ್ಣ ತಮ್ಮನ ಮನೆಯಲ್ಲೇ ಇದ್ದ. ತಮ್ಮ ಹೇಳುತ್ತಾ ಹೋದ: "ಅವಳಿಗೆ ಟೀಗೆ ಸಕ್ಕರೆ ಕಮ್ಮಿ. ತಲೆನೋವು ಬಂದ್ರೆ ಹೇಳಲ್ಲ, ಕನ್ನಡಕ ತೆಗೆದು ಮೂಗು ಒತ್ಕೊಳ್ತಾಳೆ, ಆಗ ತಿಳ್ಕೋ. ಜೋರಾಗಿ ಮಾತಾಡಬೇಡ. ಮಳೆ ಸದ್ದಾದ್ರೆ ಖುಷಿ ಅವಳಿಗೆ." ಅಣ್ಣ ಒಂದು ಹಾಳೆಯಲ್ಲಿ ಬರೆದುಕೊಂಡ, ಪರೀಕ್ಷೆಗೆ ಕೂರುವವನ ಹಾಗೆ. ಹಾಳೆ ತುಂಬಿತು, ಹಿಂದಕ್ಕೆ ತಿರುಗಿಸಿದ. ತಮ್ಮನಿಗೆ ಒಮ್ಮೆಲೇ ತನ್ನಲ್ಲಿದ್ದದ್ದನ್ನೆಲ್ಲ ತಾನೇ ಕೈಯಾರೆ ಇನ್ನೊಬ್ಬನಿಗೆ ಬರೆಸಿಕೊಡುತ್ತಿದ್ದೇನೆ ಅನ್ನಿಸಿ, "ಸಾಕು, ಉಳಿದದ್ದು ಅಲ್ಲಿ ಹೋದ್ರೆ ಗೊತ್ತಾಗುತ್ತೆ" ಎಂದುಬಿಟ್ಟ.

ಹೋಟೆಲಿನಿಂದ ಅಣ್ಣ ದಿನಾ ಫೋನು ಮಾಡುತ್ತಿದ್ದ. ಕಿಟಕಿ ತೆರೆಯಲು ಬರುವುದಿಲ್ಲ, ಊಟವನ್ನು ಬಾಗಿಲ ಹೊರಗಿಟ್ಟು ಬಡಿದು ಓಡುತ್ತಾರೆ, ಕೋಣೆ ಉದ್ದಕ್ಕೆ ಹನ್ನೊಂದು ಹೆಜ್ಜೆ. "ಈಜಿದ ಹಾಗೆ ಆ ಕಡೆ ಈ ಕಡೆ ನಡೀತೀನಿ ಕಣೋ, ನೂರು ಸುತ್ತು." ಹೀಗೇ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಆರನೇ ದಿನ ಅಣ್ಣನೇ ಹೇಳಿದ: "ಮದುವೆ ದಿನ ನಾನು ಬಂದಿದ್ದೆ ಕಣೋ. ಬೀದಿ ಆಚೆ ನಿಂತು ನೋಡ್ದೆ. ನೀನು ಅವಳ ಪಕ್ಕ ನಿಂತಿದ್ದೆ. ಮಧ್ಯೆ ಬರೋಕೆ ಮುಖ ಇರಲಿಲ್ಲ." ತಮ್ಮ ಆ ಹೊತ್ತಿಗೆ ಒಂದು ಫ್ರೇಮಿಗೆ ಸಣ್ಣ ಸ್ಕ್ರೂ ಹಾಕುತ್ತಿದ್ದ. ಸ್ಕ್ರೂ ಕೈಜಾರಿ ಎಲ್ಲೋ ಉರುಳಿತು. ಹುಡುಕಲಿಲ್ಲ. ಇಬ್ಬರೂ ಜೀವಮಾನದಲ್ಲಿ ಆಡದಷ್ಟು ಮಾತನ್ನು ಆ ಹದಿನಾಲ್ಕು ದಿನದಲ್ಲಿ ಆಡಿದರು.

ಹದಿನೈದನೇ ದಿನ ಅಣ್ಣ ಮಿಣುಕಿಯ ಮನೆ ತಲುಪಿದ. ಆಮೇಲೆ ಫೋನು ಬರುವುದು ಕಮ್ಮಿಯಾಯಿತು.

ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಮಗುವಿದ್ದ ಮನೆ, ಪುರುಸೊತ್ತೆಲ್ಲಿ? ಮೊದಲ ವಾರ ಮಿಣುಕಿ "ಅವರು" ಅನ್ನುತ್ತಿದ್ದಳು. "ಅವರೇ ಮಗೂಗೆ ಸ್ನಾನ ಮಾಡಿಸಿದ್ರು. ನೀರಲ್ಲಿ ಕೈ ಎಷ್ಟು ಹಗುರ ಗೊತ್ತಾ ಚಿಕ್ಕಪ್ಪ ಅವರದ್ದು!" ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮಾತಿನ ಭರದಲ್ಲಿ, "ಅಪ್ಪ ಹೊರಗೆ ಹೋಗಿದಾರೆ, ಹಾಲು ತರೋಕೆ" ಅಂದಳು. ಅಂದದ್ದು ಅವಳಿಗೇ ತಿಳಿಯಲಿಲ್ಲ. ಚಿಕ್ಕಪ್ಪ "ಹೌದಾ, ಒಳ್ಳೇದಾಯ್ತು" ಎಂದ. ಒಳ್ಳೆಯದೇ ಆಗಿತ್ತು. ಅವನೇ ಬಯಸಿದ್ದು. ಫೋನಿಟ್ಟ ಮೇಲೆ ಅಂಗಡಿಯ ಗೋಡೆಗಳ ಮೇಲಿನ ನೂರಾರು ಖಾಲಿ ಫ್ರೇಮುಗಳ ನಡುವೆ ಸುಮ್ಮನೆ ಕೂತಿದ್ದ. ಗಿರಾಕಿಯೊಬ್ಬ ಬಂದು ಎರಡು ಸಲ ಕೂಗಿದ ಮೇಲೆ ಎದ್ದ.

ಹಡಗಿನಿಂದ ಅಳಿಯ ಇಳಿದು ಬಂದ, ಮತ್ತೆ ಹೋದ. ಅಣ್ಣನ ಅನುಮತಿಯನ್ನು ಎರಡು ಸಲ ವಿಸ್ತರಿಸಿದರು. ಆ ದೇಶದ ನಿಯಮಗಳು ಮಾತ್ರ ಬದಲಾಗುತ್ತಲೇ ಇದ್ದವು. ಚಿಕ್ಕಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದ: ಎರಡು ಲಸಿಕೆಯಾದವರಿಗೆ ಸರಿ, ಅವನು ಹಾಕಿಸಿಕೊಂಡ ಲಸಿಕೆ ಒಪ್ಪಿಗೆಯಿಲ್ಲ, ಈಗ ಒಪ್ಪಿಗೆ, ಹೊಸ ಅಲೆ, ಮತ್ತೆ ಬಂದ್. ಪಟ್ಟಿಗೆ ಅಜ್ಜ ಅಜ್ಜಿಯನ್ನು ಸೇರಿಸಿದರು, ಅಲ್ಲಿ ನೆಲೆಸಿದವರ ಅಣ್ಣ ತಮ್ಮಂದಿರನ್ನು ಸೇರಿಸಿದರು. ಚಿಕ್ಕಪ್ಪ ಬರಲೇ ಇಲ್ಲ. ಒಂದೂ ಮುಕ್ಕಾಲು ವರ್ಷವಾದ ಮೇಲೆ ಪಟ್ಟಿಯನ್ನೇ ತೆಗೆದುಹಾಕಿದರು. ಯಾರು ಬೇಕಾದರೂ ಬರಬಹುದು.

ಹೋದ. ಗಡಿಯ ಅಧಿಕಾರಿ ಯಾರನ್ನು ನೋಡಲು ಎಂದು ಕೇಳಲೂ ಇಲ್ಲ. ಮುದ್ರೆ ಒತ್ತಿ ಕಳಿಸಿದ. ಕಂಕುಳಲ್ಲಿ ಹಿಡಿದುಕೊಂಡಿದ್ದ ಕಾಗದದ ಕಟ್ಟು ಹಾಗೇ ಉಳಿಯಿತು.

ಮಿಣುಕಿ ಬಾಗಿಲಲ್ಲೇ ಅವನ ಭುಜಕ್ಕೆ ಮುಖ ಒತ್ತಿ ಅತ್ತಳು. ಮಗು ತಾಯಿ ಅಳುವುದನ್ನು ಕಂಡು ಹೆದರಿ, ಅಣ್ಣನ ಕಾಲನ್ನು ತಬ್ಬಿ ಹಿಂದೆ ಅಡಗಿತು. ಅಣ್ಣ ಮುಖ ಸಣ್ಣ ಮಾಡಿಕೊಂಡು, "ಹೋಗೋ, ಚಿಕ್ಕಜ್ಜ ಕಣೋ" ಎಂದು ಅದನ್ನು ಮುಂದೆ ತಳ್ಳಿದ. ಅದು ಬರಲಿಲ್ಲ. ನಾಲ್ಕನೇ ದಿನ ಬಂದು ಅವನ ಕನ್ನಡಕ ಕಿತ್ತುಕೊಂಡು ಓಡಿತು. ಅಷ್ಟಕ್ಕೇ ಅವನಿಗೆ ಖುಷಿ.

ಮನೆಯವರೆಲ್ಲ ಅವನನ್ನು ನೆಂಟನಂತೆ ನೋಡಿಕೊಂಡರು. ಮೆತ್ತನೆ ದಿಂಬು ಅವನಿಗೆ, ಮೊದಲ ಟೀ ಅವನಿಗೆ. ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ಅಡುಗೆಮನೆಯ ಮಾತು ಕೇಳುತ್ತಿದ್ದ. ಅಪ್ಪ ಮಗಳು ಯಾವುದೋ ಅರ್ಧ ಮಾತಿಗೆ ನಗುತ್ತಿದ್ದರು. ಆ ನಗು ಎಲ್ಲಿಂದ ಶುರುವಾಯಿತೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ತಿಂಗಳಿಗೆಂದು ಬಂದವನು ಹತ್ತೊಂಬತ್ತನೇ ದಿನಕ್ಕೆ ಟಿಕೆಟ್ ಬದಲಾಯಿಸಿದ. ಅಂಗಡಿ ಎಂದ. ಮಿಣುಕಿ ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ಪಿನ ಡಬ್ಬಿ ಹಿಡಿದು ಅವನು ಪಕ್ಕದಲ್ಲಿ ನಿಂತಿದ್ದ.

"ಕೋಪಾನಾ ನನ್ನ ಮೇಲೆ?"

"ಥೂ, ಇಲ್ಲ ಕಣೆ."

"ಮತ್ತೆ ಅಂಗಡಿ ನೆಪ ಯಾಕೆ?"

ಅವನು ಡಬ್ಬಿಯೊಳಗೆ ಬೆರಳಾಡಿಸಿದ. "ನಿಂಗೆ ಬೇಕಾಗಿದ್ದಾಗ ನಂಗೆ ಬರೋಕಾಗ್ಲಿಲ್ಲ. ಈಗ ಬಂದಿದೀನಿ, ಎಲ್ಲ ಸರಿಯಾಗಿದೆ. ಸರಿಯಾಗಿರೋದು ನೋಡಿದಷ್ಟೂ ಅದೇ ನೆನಪಾಗುತ್ತೆ."

ಅವಳು ಕನ್ನಡಕ ತೆಗೆದು ಮೂಗು ಒತ್ತಿಕೊಂಡಳು. "ನಂಗೂ ಮನಸ್ಸಿಂದ ಹೋಗಲ್ಲ ಚಿಕ್ಕಪ್ಪ ಅದು. ಹೆರಿಗೆ ಹೊತ್ತಲ್ಲಿ ಆಸ್ಪತ್ರೇಲಿ ನಾನು ನಿನ್ನನ್ನೇ ಕೂಗ್ತಿದ್ದೆನಂತೆ. ಅಪ್ಪಂಗೆ ಹೇಳಿಲ್ಲ, ನೊಂದ್ಕೋತಾರೆ."

ಕೆಳಗೆ ಬೀದಿಯಲ್ಲಿ ಅಣ್ಣ ಮಗುವಿನ ಕೈ ಹಿಡಿದು, ಒಂದೊಂದು ಹೆಜ್ಜೆಗೂ ನಿಂತು, ಹಾಲು ತರಲು ಹೋಗುತ್ತಿದ್ದ. ಇಬ್ಬರೂ ಬಗ್ಗಿ ನೋಡಿದರು. ಒಂದು ಪುಟ್ಟ ಕಾಲುಚೀಲ ದಾರದಿಂದ ಜಾರಿತು. ಅವನು ಹಿಡಿದು ಅವಳ ಕೈಗೆ ಕೊಟ್ಟ. ಉಳಿದ ಬಟ್ಟೆಗಳನ್ನು ಇಬ್ಬರೂ ಸೇರಿ ದಾರಕ್ಕೆ ಹಾಕಿದರು.

ಗುರುವಾರ ಅವನು ಹೊರಟ.