ಸದ್ದು ಮಾಡಬ್ಯಾಡ್ರಿ

ಸಾಬಮ್ಮನಿಗೆ ಅರೆತಲೆನೋವು ಬಂದ ದಿನ ವಾಡಿ ಊರಿನ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲ. ಕಿಟಕಿಗೆ ಚಾದರ, ಟಿವಿ ಬಂದ್. ಇದನ್ನೆಲ್ಲ ಗಂಡ ಭೀಮಶ್ಯಾನೇ ಮುಂದೆ ನಿಂತು ಮಾಡುತ್ತಿದ್ದ. ಹೆಂಡತಿಯ ನೋವನ್ನು ಸೋಗು ಎನ್ನುವ ಗಂಡಸು ಅವನಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಾಬಮ್ಮನ ಬಲಗೈಯಿಂದ ಚಹದ ಬಟ್ಟಲು ಬಿತ್ತು. "ತಲಿ..." ಎಂದಳು, ಮುಂದಿನ ಮಾತು ತೊದಲಿತು. ಭೀಮಶ್ಯಾ ತೋಳು ಹಿಡಿದು ಒಯ್ದು ಮಲಗಿಸಿದ.

"ಅಪ್ಪಾ, ಅವ್ವನ ಬಾಯಿ ವಾರೆ ಆಗ್ಯದ. ದವಾಖಾನಿಗಿ ಹೋಗಮು ನಡಿ," ಎಂದಳು ಮಗಳು ಲುಂಬಿನಿ.

"ಹಿಂದಿನ ಸಲಾನೂ ಕೈ ಜೋಮು ಹಿಡಿದು ಮಾತು ತಡವರಿಸಿತ್ತು. ಕಲಬುರಗಿಗಿ ಓಡಿದ್ವಿ, ಅರೆತಲೆನೋವೇ ಅಂದ್ರು. ಆ ಬಿಸಲಾಗ, ಗಾಡಿ ಸಪ್ಪಳದಾಗ ಎಷ್ಟು ಒದ್ದಾಡಿದಳು, ನೀನೇ ನೋಡಿದ್ದಿ. ಮಲಕೊಳ್ಳಲಿ. ಸದ್ದು ಮಾಡಬ್ಯಾಡ."

ಲುಂಬಿನಿ ಹೋಗಿ ಟಿವಿ ಬಂದ್ ಮಾಡಿದಳು. ಅವಳಿಗೂ ಅದೇ ತಲೆನೋವು ಇತ್ತು, ಬೆಳಕು ಹೇಗೆ ಇರಿಯುತ್ತದೆಂದು ಗೊತ್ತಿತ್ತು. ಭೀಮಶ್ಯಾ ಬಾಗಿಲು ಮುಚ್ಚಿ, ತಾನು ಬರುವತನಕ ತೆರೆಯಬೇಡವೆಂದು ಅವಳಿಗೆ ಹೇಳಿ, ರೈಲು ಹಿಡಿದು ನಾಲವಾರದ ತನ್ನ ಶಾಲೆಗೆ ಹೋದ.

ಮೂರಕ್ಕೆ ಬಂದು ಬಾಗಿಲು ತೆರೆದಾಗ ಸಾಬಮ್ಮ ಎಚ್ಚರವಾಗಿಯೇ ಇದ್ದಳು. ಕರೆಯಲು ಬಾಯಿ ಬಾರದೆ ಬಾಗಿಲನ್ನೇ ನೋಡುತ್ತ ಬಿದ್ದಿದ್ದಳು.

ಕಲಬುರಗಿಯ ವೈದ್ಯೆ ಸ್ಕ್ಯಾನ್ ಕೆಳಗಿಟ್ಟಳು. "ಮೆದುಳಿನಾಗ ರಕ್ತ ಹೆಪ್ಪುಗಟ್ಟ್ಯದ. ಅದನ್ನ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗ ಕೊಡಬೇಕಿತ್ರಿ. ಮೊದಲೆಲ್ಲ ಜೋಮು ಹೆಂಗ ಬರ್ತಿತ್ತು?"

"ಮೊದಲ ಕಣ್ಣ ಮುಂದ ಮಿಂಚು ಕಾಣ್ತಿತ್ತು. ಆಮ್ಯಾಲ ಬೆರಳಿಂದ ನಿಧಾನಕ್ಕ ಏರ್ತಿತ್ರಿ," ಎಂದ ಭೀಮಶ್ಯಾ.

"ಈ ಸಲ?"

"ಒಮ್ಮೆಲೆ ಬಟ್ಟಲಾ ಬಿತ್ರಿ."

"ಒಮ್ಮೆಲೆ ಬಂದ್ರ ಲಕ್ವಾ ಅಂತನೇ ತಿಳಿದು ಓಡಿ ಬರಬೇಕ್ರಿ. ಒಮ್ಮೊಮ್ಮೆ ಸ್ಕ್ಯಾನ್ ಮಾಡದೆ ನಮಗೂ ಗೊತ್ತಾಗಂಗಿಲ್ಲ. ಬರೀ ತಲಿನೋವೇ ಇದ್ರ ವಾಪಸ್ ಕಳಿಸ್ತಿದ್ವಿ, ಅಷ್ಟೇ."

ಸಾಬಮ್ಮ ಬದುಕಿದಳು. ಬಲಗೈ ಮರಳಲಿಲ್ಲ, ಮಾತೂ ಮರಳಲಿಲ್ಲ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಲುಂಬಿನಿ ತಲೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದಳು. ಭೀಮಶ್ಯಾ ಹಿಂದೆಯೇ ಹೋದ.

"ಎದ್ದು ಕುಂದ್ರು. ನಿನ್ನ ಹೆಸರು ಹೇಳು. ಎರಡೂ ಕೈ ಎತ್ತು."

"ಮಿಂಚು ಕಂಡಾದ ಮ್ಯಾಲೇ ಬಂದದಪ್ಪಾ, ಯಾವತ್ತಿನಂಗೇ ಅದ. ಮಲಗಲಿಕ್ಕ ಬಿಡು."

"ಬೇಕಾದ್ರ ಬೈ. ಆದ್ರ ಎತ್ತು."

ಅವಳು ಸಿಡುಕುತ್ತ ಹೆಸರು ಹೇಳಿ ಕೈ ಎತ್ತಿದಳು. ಎರಡೂ ಸಮನಾಗಿದ್ದವು. ಭೀಮಶ್ಯಾ ಉಸಿರು ಬಿಟ್ಟು, ಇನ್ನರ್ಧ ತಾಸಿಗೆ ಮತ್ತೆ ಎಬ್ಬಿಸುತ್ತೇನೆಂದು ಹೇಳಿ ಹೊರಗೆ ತಿರುಗಿದ.

ಪಡಸಾಲೆಯ ಮಂಚದ ಮೇಲೆ ಸಾಬಮ್ಮನೂ ಅವನ ಮಾತು ಕೇಳಿ ಎತ್ತಿದ್ದಳು. ಒಂದೇ ಕೈ ಮೇಲೆ ಬಂದಿತ್ತು.